ಶಾಲು ಬೇಡ, ಕೆಲಸ ಹೇಳಿ

ನಮ್ಮ ಕಡೆ ಯಾರಿಗಾದರೂ ಪಿಎಚ್‌ಡಿ ಬಂತು ಅಂದರೆ ಸನ್ಮಾನ ಹೇಗಿರುತ್ತದೆ ಅಂತ ಎಲ್ಲರಿಗೂ ಗೊತ್ತು. ಶಾಲು, ಹಾರ, ಹಣ್ಣಿನ ಬುಟ್ಟಿ, ಫೋಟೊ. ಆಮೇಲೆ ಭಾಷಣ. ಇವರು ನಮ್ಮ ಭಾಗದ ಹೆಮ್ಮೆ ಅಂತ ಬಂದವರೆಲ್ಲ ಹೇಳುತ್ತಾರೆ. ಇವರು ಏನು ಸಂಶೋಧನೆ ಮಾಡಿದರು ಅಂತ ಮಾತ್ರ ಒಬ್ಬರೂ ಹೇಳುವುದಿಲ್ಲ. ಕಲಬುರಗಿಯ ಮೇ ತಿಂಗಳಲ್ಲಿ ಆ ಶಾಲು ಹೊದ್ದು ಕೂರುವುದು ಬೇರೆ ಶಿಕ್ಷೆ.

ಅದಕ್ಕೇ ನಮ್ಮ ಲ್ಯಾಬಿನ ಸರ್ ಫೋನ್ ಮಾಡಿ, ತಮ್ಮ ಹುಡುಗರ ಖುಷಿಯ ಕೂಟಕ್ಕೆ ಕರೆದು, "ಶಾಲು ಗೀಲು ತರಬ್ಯಾಡ, ಸುಮ್ನೆ ಬಾ" ಅಂದಾಗ ಖುಷಿಯಾಯಿತು. ಸೇಡಂ ರಸ್ತೆಯಲ್ಲಿರುವ ಗುಲ್ಬರ್ಗಾ ವಿಶ್ವವಿದ್ಯಾಲಯದ ಜ್ಞಾನಗಂಗಾ ಕ್ಯಾಂಪಸ್ಸಿನಲ್ಲೇ ನಾನೂ ಭೌತಶಾಸ್ತ್ರ ಓದಿದ್ದು. ಈಗ ಒಂದು ಡಿಗ್ರಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಲ್ಯಾಬಿನ ಕಡೆ ಹೋಗದೆ ಬಹಳ ದಿನ ಆಗಿತ್ತು.

ಸರ್ ಅವರ ಸಂಶೋಧನೆಯ ಗುಂಪಿಗೆ ಆ ವರ್ಷ ಒಳ್ಳೇ ಸುಗ್ಗಿ. ಒಬ್ಬಳ ವೈವಾ ಮುಗಿದು ಪಿಎಚ್‌ಡಿ ಆಗಿತ್ತು. ಒಬ್ಬ ಪೋಸ್ಟ್‌ಡಾಕ್‌ಗೆ, ಅಂದರೆ ಪಿಎಚ್‌ಡಿ ಆದಮೇಲಿನ ಸಂಶೋಧನೆಗೆ, ತೈವಾನಿಗೆ ಹೊರಟಿದ್ದ. ಇನ್ನೊಬ್ಬ ಸಿಎಸ್‌ಐಆರ್ ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ ಹೊಡೆದಿದ್ದ. ಜೆಆರ್‌ಎಫ್ ಅಂದರೆ ಬರೀ ಸರ್ಟಿಫಿಕೇಟ್ ಅಲ್ಲ, ಸಂಶೋಧನೆ ಮಾಡಲು ಸಿಗುವ ಫೆಲೋಶಿಪ್, 2023ರಿಂದ ತಿಂಗಳಿಗೆ 37,000 ರೂಪಾಯಿ. ಈ ಹುಡುಗ ಸಂಜೆ ಟ್ಯೂಷನ್ ಹೇಳಿ ರೂಮಿನ ಬಾಡಿಗೆ ಕಟ್ಟುತ್ತಿದ್ದ. ಇನ್ನು ಸಂಜೆಯೂ ಲ್ಯಾಬಲ್ಲೇ ಇರಬಹುದು. ನನಗೆ ಜಾಸ್ತಿ ಖುಷಿ ಕೊಟ್ಟಿದ್ದು ಈ ಸುದ್ದಿ.

ಸರ್ ಒಂದು ನಿಯಮ ಹಾಕಿದ್ದರು. ತಮ್ಮ ಬಗ್ಗೆ ತಾವು ಮಾತಾಡಬಾರದು, ಒಬ್ಬರ ಕೆಲಸವನ್ನು ಇನ್ನೊಬ್ಬರು ಹೇಳಬೇಕು. ಅದೂ ಊರಿಂದ ಬಂದ ಅಪ್ಪ-ಅವ್ವಂದಿರಿಗೆ ತಿಳಿಯೋ ಹಾಗೆ. ಸುಲಭ ಅನ್ನಿಸುತ್ತೆ ಅಲ್ವಾ? ದಿನವಿಡೀ ಕಂಡಕ್ಟಿವಿಟಿ, ಡೋಪಿಂಗ್ ಅಂತ ಮಾತಾಡುವವರು ಆಳಂದ ಕಡೆಯ ತೊಗರಿ ರೈತರ ಮುಂದೆ ನಿಂತರೆ ಬಾಯಿ ಕಟ್ಟುತ್ತದೆ.

ಪಿಎಚ್‌ಡಿ ಆದವಳ ಕೆಲಸ ಹೇಳುವ ಸರದಿ ಜೆಆರ್‌ಎಫ್ ಹುಡುಗನದ್ದು. ಅವಳಪ್ಪ ಮುಂದಿನ ಸಾಲಲ್ಲೇ ಕೂತಿದ್ದರು. ಬಿಳಿ ಧೋತರ, ತಲೆಗೆ ಟೊಪ್ಪಿಗೆ. ಹುಡುಗ ಒಂದು ವೈರ್ ಎತ್ತಿ ತೋರಿಸಿದ. ಪ್ಲಾಸ್ಟಿಕ್ಕಲ್ಲಿ ಕರೆಂಟ್ ಹರಿಯಲ್ಲ, ಅದಕ್ಕೇ ವೈರಿನ ಮೇಲೆ ಅದನ್ನು ಹಾಕುತ್ತಾರೆ. ಆದರೆ ಕರೆಂಟ್ ಹರಿಯುವ ಪ್ಲಾಸ್ಟಿಕ್ಕೂ ಇದೆ, ಅಕ್ಕ ಮಾಡಿದ್ದು ಅಂಥದ್ದು, ಪಾಲಿಅನಿಲಿನ್ ಅಂತ ಅಂದ. ಇಂಥ ಪ್ಲಾಸ್ಟಿಕ್ಕಿನ ಕೆಲಸಕ್ಕೆ 2000ದಲ್ಲಿ ಮೂವರಿಗೆ ನೊಬೆಲ್ ಬಂತು ಅಂತಲೂ ಸೇರಿಸಿದ. ಸರ್ ಕೂತಲ್ಲಿಂದಲೇ, "ಕೊಟ್ಟಿದ್ದು ಕೆಮಿಸ್ಟ್ರಿ ಪ್ರೈಜ್. ಆದ್ರ ಮೂವರೊಳಗ ಹೀಗರ್ ನಮ್ಮ ಫಿಸಿಕ್ಸಿನವ" ಅಂದರು. ಈ ಮಾತನ್ನು ನಮ್ಮ ಬ್ಯಾಚಿಗೂ ಹೇಳಿದ್ದರು. ಬಹುಶಃ ಎಲ್ಲಾ ಬ್ಯಾಚಿಗೂ ಹೇಳುತ್ತಾರೆ.

ಆಮೇಲೆ ಹುಡುಗ ಅದನ್ನು ಮಾಡುವುದು ಹೇಗೆ ಅಂತ ಶುರು ಮಾಡಿದ. ಆಸಿಡ್ಡಿನಲ್ಲಿ ಅನಿಲಿನ್ ಕಲಸಿ, ಅಮೋನಿಯಂ ಪರ್‌ಸಲ್ಫೇಟ್ ನೀರನ್ನು ಹನಿ ಹನಿಯಾಗಿ ಬಿಡಬೇಕು. ಮೊದಲು ನೀಲಿ, ಆಮೇಲೆ ಕಡು ಹಸಿರು. ಇದೆಲ್ಲ ಸೊನ್ನೆಯಿಂದ 5 ಡಿಗ್ರಿ ಒಳಗೇ ನಡೆಯಬೇಕು. ಹೊರಗೆ ಬಿಸಿಲು 42. "ಅಕ್ಕ ಬರ್ಫ್ ತರ್ಲಿಕ್ಕೆ ನನ್ನೇ ಓಡಸ್ತಿದ್ಳು ಕಾಕಾ. ಗಾಡಿ ಮ್ಯಾಲ ಇಟ್ಕೊಂಡು ಬರೋದ್ರಾಗ ಅರ್ಧ ನೀರು." ಎಲ್ಲರೂ ನಕ್ಕರು. ಆ ಹಸಿರು ಬಣ್ಣ ಬಟ್ಟೆಗೆ ಹತ್ತಿದರೆ ಹೋಗುವುದಿಲ್ಲ. ನನ್ನ ಒಂದು ಅಂಗಿಯ ತೋಳಿನ ಮೇಲೆ ಇನ್ನೂ ಇದೆ.

ಮೇಜಿನ ಮೇಲೆ ಅದೇ ಪಾಲಿಅನಿಲಿನ್ನಿನ, ಗುಂಡಿಯಷ್ಟು ಚಿಕ್ಕ ಹಸಿರು ಬಿಲ್ಲೆ. ಎರಡು ಕಡೆ ತೆಳ್ಳಗಿನ ತಂತಿ ಅಂಟಿಸಿ, ಕರೆಂಟಿಗೆ ಎಷ್ಟು ತಡೆ ಇದೆ ಅಂತ ತೋರಿಸುವ ಮಲ್ಟಿಮೀಟರಿಗೆ ಜೋಡಿಸಿದ್ದರು. ಹುಡುಗ ಹತ್ತಿಯ ಮೇಲೆ ಅಮೋನಿಯಾ ನೀರು ಹಾಕಿ ಬಿಲ್ಲೆಯ ಹತ್ತಿರ ಹಿಡಿದ. ಮೀಟರಿನ ಅಂಕಿ ಸರಸರ ಏರಿತು. ಹತ್ತಿ ದೂರ ಒಯ್ದು ಪುಸ್ತಕದಿಂದ ಗಾಳಿ ಬೀಸಿದ. ಅಂಕಿ ಮೆಲ್ಲಗೆ ಇಳಿಯತೊಡಗಿತು. ಆಸಿಡ್ಡಿನಿಂದ ಬಿಲ್ಲೆಗೆ ಅಂಟಿದ ಪ್ರೋಟಾನನ್ನು ಅಮೋನಿಯಾ ಕಿತ್ತುಕೊಳ್ಳುತ್ತದೆ, ಆಗ ಕರೆಂಟಿಗೆ ದಾರಿ ಕಮ್ಮಿ ಆಗುತ್ತದೆ ಅಂದ.

ಕಾಕಾ ಎದ್ದು ಬಂದು ಹತ್ತಿ ಮೂಸಿದರು. "ಇದು ದನದ ಕೊಟಿಗಿ ವಾಸ್ನಿ ಅದ ಅಲ್ಲ?"

"ಹೌದ್ರಿ ಕಾಕಾ. ಗಂಜಲದಾಗಿಂದ ಬರೋದು ಇದೇ."

"ಮತ್ತ ಇದಕ್ಕ ಮಷೀನ್ ಯಾಕ ಬೇಕು? ಮೂಗು ಅದ ಅಲ್ಲ?"

ರೂಮಿಗೆ ರೂಮೇ ನಕ್ಕಿತು. ಹುಡುಗ ಒಂದು ಕ್ಷಣ ಸಿಕ್ಕಿಬಿದ್ದ. ಆಮೇಲೆ ಕೇಳಿದ, "ಕೊಟಿಗಿಯೊಳಗ ಅರ್ಧ ತಾಸು ನಿಂತ್ರ ವಾಸ್ನಿ ಬರ್ತದೇನ್ರಿ?"

"ಇಲ್ಲ. ರೂಢಿ ಆಗ್ತದ."

"ಇದಕ್ಕ ರೂಢಿ ಆಗಲ್ರಿ. ದೊಡ್ಡ ಬರ್ಫ್ ಫ್ಯಾಕ್ಟರಿಯೊಳಗ ತಂಪು ಮಾಡ್ಲಿಕ್ಕೆ ಅಮೋನಿಯಾನೇ ಬಳಸ್ತಾರ. ಅದು ಸೋರಿದ್ರ ಜೀವಕ್ಕ ಕುತ್ತು. ಅಲ್ಲಿ ಮೂಗು ನಂಬ್ಕೊಂಡು ಕೂಡ್ಲಿಕ್ಕೆ ಆಗಲ್ಲ."

ಹಿಂದಿನ ಸಾಲಿಂದ ಎಂಎಸ್ಸಿ ಹುಡುಗಿಯೊಬ್ಬಳು ಕೈ ಎತ್ತಿದಳು. ಅಮೋನಿಯಾ ಜೊತೆ ನೀರಿನ ಆವಿಯೂ ಬರುತ್ತಲ್ಲ, ಅಂಕಿ ಏರಿದ್ದು ಅದರಿಂದಲ್ಲ ಅಂತ ಹೇಗೆ ಗೊತ್ತು? ಹುಡುಗ ಬೇರೆ ಹತ್ತಿಯನ್ನು ಬರೀ ನೀರಲ್ಲಿ ಅದ್ದಿ ಹಿಡಿದ. ಅಂಕಿ ಏರಲಿಲ್ಲ, ಒಂಚೂರು ಇಳಿಯಿತು. ಯಾವ ಶಾಲಿಗಿಂತಲೂ ಈ ಪ್ರಶ್ನೆಯೇ ದೊಡ್ಡ ಮರ್ಯಾದೆ ಅನ್ನಿಸಿತು ನನಗೆ.

ತೈವಾನಿನವನ ಸರದಿ ಬೇಗ ಮುಗಿಯಿತು. ಅವನ ಕೆಲಸ ಹೇಳಲು ನಿಂತವನು ಬರೀ ಗ್ರಾಫ್ ತೋರಿಸಿದ, ಯಾರಿಗೂ ಏನೂ ತಿಳಿಯಲಿಲ್ಲ. ಅವನವ್ವ ಮಾತ್ರ ಅಲ್ಲಿ ಜೋಳ ಸಿಗುತ್ತದೋ ಇಲ್ಲವೋ ಅಂತ ಸರ್ ಹತ್ತಿರ ವಿಚಾರಿಸಿದರು.

ಮಾಲ್ಪುರಿ ಡಬ್ಬಿ ಬಿಚ್ಚುತ್ತಿದ್ದರೂ ಕಾಕಾ ಬಿಲ್ಲೆ ಬಿಟ್ಟು ಕದಲಲಿಲ್ಲ. "ಎಷ್ಟು ಸಲ ಹಿಂಗ ಮಾಡಿದ್ರ ಕೆಡ್ತದ ಇದು?" ಅಂದರು. ಅಷ್ಟು ಹೊತ್ತು ಸುಮ್ಮನಿದ್ದ ಮಗಳು ನಿಯಮ ಮುರಿದು ಬಾಯಿ ಬಿಟ್ಟಳು. "ಅಪ್ಪಾ, ಜರ್ನಲ್ಲಿಗೆ ಪೇಪರ್ ಕಳಿಸಿದಾಗ ಅದನ್ನ ತಪಾಸ್ ಮಾಡೋ ರೆಫರಿ ಕೇಳಿದ್ದೂ ಇದೇ ಪ್ರಶ್ನಿ!" ಪ್ರತಿ ಸಲ ಅಂಕಿ ಪೂರಾ ಮೊದಲಿನ ಜಾಗಕ್ಕೆ ಬರುವುದಿಲ್ಲ, ಸ್ವಲ್ಪ ಮೇಲೇ ಉಳಿಯುತ್ತದೆ ಅಂತ ವಿವರಿಸಿದಳು. ಮತ್ತೆ ಮತ್ತೆ ಅಳೆದು ಆ ಲೆಕ್ಕ ಸೇರಿಸಿದ ಮೇಲೇ ಪೇಪರ್ ಒಪ್ಪಿಗೆ ಆಗಿದ್ದಂತೆ.

ಅದನ್ನು ಸರಿಪಡಿಸೋದು ಇನ್ನು ನಿನ್ನ ಕೆಲಸ ಅಂತ ಸರ್ ಜೆಆರ್‌ಎಫ್ ಹುಡುಗನಿಗೆ ಹೇಳಿದರು. ಕಾಕಾ ಅವನ ಹೆಗಲ ಮೇಲೆ ಕೈ ಹಾಕಿದರು. "ತಮ್ಮಾ, ಒಂದು ನಮ್ಮ ಕೊಟಿಗಿಯೊಳಗ ಇಟ್ಟು ನೋಡು. ಧೂಳು ಎಷ್ಟು ತಡಿತದ ಅದೂ ಗೊತ್ತಾಗ್ತದ." ಹುಡುಗ ಮೊಬೈಲ್ ತೆಗೆದು ಅವರ ನಂಬರ್ ಬರೆದುಕೊಂಡ.