ಬಿದ್ದ ದಾಳವನ್ನು ಬಚ್ಚಿಡಬೇಡಿ

ನಾವು ಆಡುವುದು ರೋಲ್‌ಪ್ಲೇಯಿಂಗ್ ಗೇಮ್, ಪಾತ್ರ ವಹಿಸಿ ಕಥೆ ಕಟ್ಟುವ ದಾಳದಾಟ. ನಮ್ಮ ಟೇಬಲ್‌ನಲ್ಲಿ ಆಗಾಗ ಏಳುವ ಜಗಳ ಒಂದೇ. ಆಟ ನಡೆಸುವವನು ತನ್ನ ಮುಂದಿಟ್ಟುಕೊಂಡ ಪುಟ್ಟ ಪರದೆ ಹಿಂದೆ ದಾಳ ಹಾಕುತ್ತಾನೆ, ಬಿದ್ದ ಅಂಕಿಯಿಂದ ಕಥೆ ಹಾಳಾಗುತ್ತದೆ ಅಂತ ಅವನಿಗೆ ಅನಿಸುತ್ತದೆ. ಆಗ ಅವನು ನಮಗೆ ಬೇರೆ ಅಂಕಿ ಹೇಳಬಹುದಾ? ಹೇಳಲಿ ಬಿಡಿ, ಎಲ್ಲರಿಗೂ ಮಜಾ ಬಂದರೆ ಸಾಕಲ್ವಾ ಅನ್ನುವವರು ನಮ್ಮಲ್ಲಿ ಜಾಸ್ತಿ. ನಾನು ಬೇಡ ಅನ್ನುವ ಕಡೆಯವನು. ಬರೀ ಹಟ ಅಂದುಕೊಂಡವರೂ ಇದ್ದಾರೆ, ಅದಕ್ಕೇ ಒಮ್ಮೆ ಪೂರ್ತಿ ಬರೆದುಬಿಡೋಣ ಅಂತ ಕೂತಿದ್ದೇನೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ನಾಲ್ಕೈದು ಜನ ಟೇಬಲ್ ಸುತ್ತ ಕೂರುತ್ತೇವೆ. ಒಬ್ಬನನ್ನು ಬಿಟ್ಟು ಉಳಿದವರಿಗೆ ಒಂದೊಂದು ಪಾತ್ರ. ಆ ಒಬ್ಬ, ಅಂದರೆ ಜಿಎಂ (ಗೇಮ್ ಮಾಸ್ಟರ್, ಆಟ ನಡೆಸುವವನು), ಊರು, ಕಾಡು, ಶತ್ರು, ಮಳೆ ಎಲ್ಲವೂ ಅವನೇ. ನಮ್ಮ ಪಾತ್ರ ಏನು ಮಾಡುತ್ತದೆ ಅಂತ ನಾವು ಹೇಳುತ್ತೇವೆ, ಆಗುತ್ತದೋ ಇಲ್ಲವೋ ಅನ್ನುವ ಕಡೆ ದಾಳ ಹಾಕುತ್ತೇವೆ. ಎಲ್ಲರಿಗೂ ಗೊತ್ತಿರುವುದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಆದರೆ ಅದೊಂದೇ ಅಲ್ಲ.

ಇದು ಕಥೆ ಹೇಳುವ ಆಟ, ಆದ್ದರಿಂದ ಕಥೆಯೇ ಮುಖ್ಯ, ದಾಳ ಸುಮ್ನೆ ಸಹಾಯಕ್ಕೆ ಅನ್ನುತ್ತಾರಲ್ಲ, ಆ ಮಾತು ನನಗೆ ಸುಲಭಕ್ಕೆ ಒಪ್ಪಿಗೆಯಾಗುವುದಿಲ್ಲ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ತಂದಾಗ, ಮಧ್ಯಯುಗದ ಕಾಲ್ಪನಿಕ ಯುದ್ಧದಾಟಗಳಿಗೆ ನಿಯಮಗಳು ಅಂತ ಮೇಲೆ ಬರೆದಿದ್ದರು. ಪುಟ್ಟ ಸೈನಿಕರ ಗೊಂಬೆ ಇಟ್ಟುಕೊಂಡು ಯುದ್ಧ ಆಡುತ್ತಿದ್ದವರ ನಡುವೆ ಹುಟ್ಟಿದ ಆಟ ಇದು. ಕಥೆ ಬರಲಿಲ್ಲವೇ? ಧಾರಾಳ ಬಂತು. ಆದರೆ ಯಾರೋ ಮೊದಲೇ ಬರೆದಿಟ್ಟದ್ದಕ್ಕಿಂತ ಹೆಚ್ಚಾಗಿ ನಿಯಮಗಳ ಸಂದಿಯಿಂದ ಬಂತು.

ಹೇಗೆ ಅಂದರೆ, ಅದೇ ಆಟದ 1981ರ ಬೇಸಿಕ್ ಪುಸ್ತಕ ನೋಡಿ. ಗಾಬ್ಲಿನ್ ಅನ್ನುವ ಒಂದು ಕುಳ್ಳ ರಾಕ್ಷಸನನ್ನು ಕೊಂದರೆ 5 ಅನುಭವದ ಅಂಕ, ಅಂದರೆ ಎಕ್ಸ್‌ಪಿ. ಯೋಧನೊಬ್ಬ ಎರಡನೇ ಲೆವೆಲ್‌ಗೆ ಏರಲು ಬೇಕಾದದ್ದು 2000. ಅಂದರೆ 400 ಗಾಬ್ಲಿನ್! ಆದರೆ ಗುಹೆಯಿಂದ ಹೊರಗೆ ತಂದ ಒಂದೊಂದು ಚಿನ್ನದ ನಾಣ್ಯಕ್ಕೂ ಒಂದೊಂದು ಎಕ್ಸ್‌ಪಿ. ಈ ಲೆಕ್ಕ ಗೊತ್ತಾದ ಮೇಲೆ ಯಾವ ಹುಚ್ಚ ಗಾಬ್ಲಿನ್ ಜೊತೆ ಹೊಡೆದಾಡುತ್ತಾನೆ? ಕದಿಯಬೇಕು, ಲಂಚ ಕೊಡಬೇಕು, ರಾಕ್ಷಸ ಮಲಗಿದ್ದಾಗ ಚಪ್ಪಲಿ ಕೈಯಲ್ಲಿ ಹಿಡಿದು ದಾಟಬೇಕು. ಕಥೆ ತಾನಾಗಿ ಕಳ್ಳರ ಕಥೆಯಾಗುತ್ತದೆ. ಈಗ 2014ರ ಐದನೇ ಆವೃತ್ತಿಗೆ ಬನ್ನಿ. ಅಲ್ಲಿ ಗಾಬ್ಲಿನ್‌ಗೆ 50 ಎಕ್ಸ್‌ಪಿ, ಎರಡನೇ ಲೆವೆಲ್‌ಗೆ 300. ಆರೇ ಗಾಬ್ಲಿನ್ ಸಾಕು. ತಾನಾಗಿ ವೀರರ ಕಥೆಯಾಗುತ್ತದೆ. ಎರಡೂ ಚೆನ್ನಾಗಿವೆ, ಎರಡನ್ನೂ ಖುಷಿಯಿಂದ ಆಡಿದ್ದೇನೆ. ಆದರೆ ಯಾವ ಥರದ ಕಥೆ ಬೇಕು ಅಂತ ಕೇಳುವ ಮುಂಚೆ ಈ ಆಟ ಯಾವುದಕ್ಕೆ ಬಹುಮಾನ ಕೊಡುತ್ತದೆ ಅಂತ ನೋಡಬೇಕು. ಬಹುಮಾನ ಎಲ್ಲಿದೆಯೋ ಆಡುವವರು ಅಲ್ಲಿಗೇ ಹೋಗುತ್ತಾರೆ, ಜಿಎಂ ಎಷ್ಟೇ ಭಾವುಕವಾಗಿ ಮಾತಾಡಲಿ. ಈಗ ಅನೇಕ ಟೇಬಲ್‌ಗಳಲ್ಲಿ ಈ ಲೆಕ್ಕವೂ ಇಲ್ಲ. ಮೈಲ್‌ಸ್ಟೋನ್ ಅಂತ ಮಾಡಿಕೊಂಡಿದ್ದಾರೆ, ಜಿಎಂ ಹೇಳಿದಾಗ ಲೆವೆಲ್ ಏರುವುದು. ಅನುಕೂಲವೇನೋ ಹೌದು. ಆದರೆ ಎಕ್ಸ್‌ಪಿ ಇದ್ದಾಗ ನಾವೇ ನಮ್ಮ ದಾರಿ ಹುಡುಕುತ್ತಿದ್ದೆವು, ಈಗ ಜಿಎಂ ಕಥೆಯ ಯಾವ ಪುಟದಲ್ಲಿದ್ದಾನೆ ಅಂತ ಹುಡುಕುತ್ತೇವೆ.

ಇನ್ನು ಆ ಜಗಳಕ್ಕೆ ಬರ್ತೀನಿ.

ತಿಂಗಳುಗಟ್ಟಲೆ ಎಳೆಯುವ ನಮ್ಮ ಒಂದು ಕ್ಯಾಂಪೇನ್‌ನಲ್ಲಿ ಗೆಳತಿಯೊಬ್ಬಳು ಮಂತ್ರವಾದಿಯ ಪಾತ್ರ ಮಾಡಿಕೊಂಡಿದ್ದಳು. ಹಿನ್ನೆಲೆ ಪುಟಗಟ್ಟಲೆ ಬರೆದಿದ್ದಳು. ಚಿಕ್ಕಪ್ಪ ಆಸ್ತಿ ಹೊಡೆದುಕೊಂಡಿದ್ದಾನೆ, ಇವಳು ಸೇಡು ತೀರಿಸಿಕೊಳ್ಳಬೇಕು, ನಡುವೆ ಒಂದು ಉಂಗುರ, ಹೀಗೆ. ಮೊದಲ ಲೆವೆಲ್, 8 ಹಿಟ್ ಪಾಯಿಂಟ್, ಅಂದರೆ ತಾಳಿಕೊಳ್ಳಬಹುದಾದ ಏಟು ಅಷ್ಟೇ. ಸೇತುವೆ ಹತ್ತಿರ ಒಂದು ಓಗರ್, ಅಂದರೆ ದೈತ್ಯ ರಾಕ್ಷಸ, ಎದುರಾಯಿತು. ಓಡಿಹೋಗಬಹುದಿತ್ತು, ಇವಳು ಓಡಲಿಲ್ಲ. ಜಿಎಂ ಎಲ್ಲರ ಎದುರಿಗೇ ದಾಳ ಹಾಕಿದ. ಇಪ್ಪತ್ತು ಮುಖದ ದಾಳದಲ್ಲಿ 20 ಬಿತ್ತು, ಅದಕ್ಕೆ ಕ್ರಿಟಿಕಲ್ ಅನ್ನುತ್ತಾರೆ. ಓಗರ್‌ನ ದೊಣ್ಣೆಗೆ ಮಾಮೂಲಿಯಾಗಿ ಎರಡು ಡಿ8 (ಎಂಟು ಮುಖದ ದಾಳ), ಮೇಲೆ 4. ಕ್ರಿಟಿಕಲ್ ಅಂದರೆ ನಾಲ್ಕು ಡಿ8. ಒಂದೇ ಏಟಿಗೆ ಅವಳ 8ರ ಎರಡರಷ್ಟು, ಅಂದರೆ 16 ದಾಟಿತು, ನಿಯಮದ ಪ್ರಕಾರ ಅಲ್ಲೇ ಸಾವು, ಬದುಕಿಸಿಕೊಳ್ಳಲು ಇನ್ನೊಂದು ದಾಳ ಹಾಕುವ ಅವಕಾಶವೂ ಇಲ್ಲ. ಟೇಬಲ್ ಸ್ತಬ್ಧ. ಪರದೆ ಹಿಂದೆ ಹಾಕಿದ್ದರೆ ಅವನು ಖಂಡಿತ 20ರ ಬದಲು 17 ಬಿತ್ತು ಅಂತ ಹೇಳಿ ಬಿಟ್ಟುಬಿಡುತ್ತಿದ್ದ, ಆಮೇಲೆ ಅವನೇ ಹಾಗಂದ.

ಆದರೆ ಆಮೇಲೆ ಆದದ್ದು ಕೇಳಿ. ಉಳಿದವರು ಆ ಉಂಗುರ ಇಟ್ಟುಕೊಂಡರು. ಅವಳ ಹೊಸ ಪಾತ್ರ ಸತ್ತವಳ ತಂಗಿ, ಅಕ್ಕನನ್ನು ಹುಡುಕಿಕೊಂಡು ಬಂದವಳು. ಅಕ್ಕ ಹೇಗೆ ಸತ್ತಳು ಅಂತ ಅವಳು ಕೇಳಿದಾಗ ನಮ್ಮ ಗುಂಪಿನ ಕಳ್ಳನ ಪಾತ್ರದವನು ಸುಳ್ಳು ಹೇಳಿದ, ಯಾಕೆ ಅಂದರೆ ಅವನೇ ಆ ಸೇತುವೆ ದಾರಿ ಆರಿಸಿದ್ದ. ಆ ಸುಳ್ಳು ತಿಂಗಳುಗಟ್ಟಲೆ ನಡೆಯಿತು. ಚಿಕ್ಕಪ್ಪನ ಮನೆ ಮುಂದೆ ನಿಂತಾಗ ಹೊರಬಿತ್ತು, ಒಳಗೆ ಹೋಗಿ ಸೇಡು ತೀರಿಸುವುದು ಬಿಟ್ಟು ಇವರಿಬ್ಬರೇ ಬೀದಿಯಲ್ಲಿ ಜಗಳಕ್ಕೆ ನಿಂತರು. ಇದನ್ನು ಜಿಎಂ ಬರೆದಿರಲಿಲ್ಲ, ಗೆಳತಿಯ ಪುಟಗಳಲ್ಲೂ ಇರಲಿಲ್ಲ. ಆ ದಾಳ 17 ಆಗಿದ್ದಿದ್ದರೆ ನಮಗೆ ಸಿಗುತ್ತಿದ್ದದ್ದು ಎಲ್ಲರೂ ಊಹಿಸಬಹುದಾದ ಆ ಚಿಕ್ಕಪ್ಪನ ಕಥೆ, ಅಷ್ಟೇ.

ಎದುರು ಕಡೆಯವರ ವಾದ ದಡ್ಡತನದ್ದೇನಲ್ಲ. ದಾಳದ ಮಾತನ್ನು ತಳ್ಳಿಹಾಕುವ ಹಕ್ಕು ಜಿಎಂಗೆ ಇದೆ ಅಂತ ಸ್ವತಃ ಗೈಗ್ಯಾಕ್ಸ್ 1979ರ ಡಂಜನ್ ಮಾಸ್ಟರ್ಸ್ ಗೈಡ್‌ನಲ್ಲಿ ಬರೆದಿದ್ದಾರೆ, ಅದನ್ನು ನನ್ನ ಮುಖಕ್ಕೆ ಹಿಡಿಯುವವರಿದ್ದಾರೆ. ಮೊದಲ ಸಲ ಬಂದವರು ಹತ್ತು ನಿಮಿಷಕ್ಕೆ ಸತ್ತು ಮೂಲೆಯಲ್ಲಿ ಮೊಬೈಲ್ ನೋಡುತ್ತಾ ಕೂತರೆ ಮತ್ತೆ ಬರುವುದಿಲ್ಲ ಅನ್ನುವುದೂ ನಿಜ. ಅದಕ್ಕೆ ನನ್ನ ಉತ್ತರ, ಹಾಗಾದರೆ ಸಾವನ್ನು ದಾಳಕ್ಕೆ ಬಿಡಬೇಡಿ. ಇಲ್ಲಿ ಯಾರೂ ಸಾಯುವುದಿಲ್ಲ ಅಂತ ಮೊದಲೇ ಹೇಳಿ ಆಡಿ, ನಾನೂ ಬರ್ತೀನಿ. ದಾಳ ಹಾಕಿ, ಸದ್ದು ಕೇಳಿಸಿ, ನಮ್ಮ ಎದೆ ಡವಗುಟ್ಟಿಸಿ, ಆಮೇಲೆ ಅದನ್ನು ಮುಚ್ಚಿಡುವುದು ಮಾತ್ರ ಬೇಡ.

ಕಥೆ ಮೊದಲೇ ಗೊತ್ತಿದ್ದರೆ ಮಜಾ ಇರುವುದಿಲ್ಲ ಅಂತ ನಾನು ಹೇಳುತ್ತಿಲ್ಲ, ಇದನ್ನು ತಪ್ಪು ತಿಳಿಯುವವರು ಜಾಸ್ತಿ. ಕರಾವಳಿ ಮಲೆನಾಡಿನವರಿಗೆ ತಾಳಮದ್ದಳೆ ಗೊತ್ತೇ ಇದೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಅರ್ಥಧಾರಿಗಳು ಕೂತಲ್ಲೇ ಪಾತ್ರವಾಗಿ ಮಾತಾಡುತ್ತಾರೆ, ಮಾತೆಲ್ಲ ಆಗಲೇ ಹುಟ್ಟಿದ್ದು. ನಮ್ಮ ಟೇಬಲ್‌ಗೆ ಇದಕ್ಕಿಂತ ಹತ್ತಿರದ ನೆಂಟ ಇನ್ನೊಬ್ಬನಿಲ್ಲ. ವಾಲಿವಧೆಯಲ್ಲಿ ವಾಲಿ ಸಾಯುತ್ತಾನೆ ಅಂತ ಎಲ್ಲರಿಗೂ ಗೊತ್ತು. ಬಾಣ ಬಿದ್ದ ಮೇಲೆ ಅವನು ರಾಮನನ್ನು ಮರದ ಮರೆಯಿಂದ ಯಾಕೆ ಹೊಡೆದೆ ಅಂತ ಕೇಳುವುದು, ಈ ರಾತ್ರಿ ಈ ರಾಮ ಏನು ಉತ್ತರ ಕೊಡುತ್ತಾನೆ, ಆ ಉತ್ತರಕ್ಕೆ ವಾಲಿ ಎಲ್ಲಿ ಕೊಕ್ಕೆ ಹಾಕುತ್ತಾನೆ, ಮಜಾ ಇರುವುದು ಅಲ್ಲಿ. ವಾಲಿ ವಾದದಲ್ಲಿ ಗೆದ್ದರೂ ಸಾಯಲೇಬೇಕು. ಅದರಿಂದ ಯಾರಿಗೂ ಮೋಸ ಆಗಿಲ್ಲ, ಯಾಕೆ ಅಂದರೆ ಯಾರಿಂದಲೂ ಏನನ್ನೂ ಮುಚ್ಚಿಟ್ಟಿಲ್ಲ.

ಟೆನ್ ಕ್ಯಾಂಡಲ್ಸ್ ಅಂತ 2015ರ ಒಂದು ಆಟ ಇದೆ, ಅದೂ ಹೀಗೇ. ಹತ್ತು ಮೇಣದಬತ್ತಿ ಹಚ್ಚಿಟ್ಟು ಆಡುವುದು, ಒಂದೊಂದೇ ಆರುತ್ತಾ ಹೋಗುತ್ತದೆ, ಕೊನೆಗೆ ಎಲ್ಲ ಪಾತ್ರಗಳೂ ಸಾಯುತ್ತವೆ. ಆಟ ಶುರುವಾಗುವ ಮುಂಚೆಯೇ ಇದು ಎಲ್ಲರಿಗೂ ಗೊತ್ತು. ಹಾಗಿದ್ದೂ ಭಯಂಕರ ಚೆನ್ನಾಗಿರುತ್ತದೆ. (ಬಾಡಿಗೆ ಮನೆಯಲ್ಲಿ ಆಡುವವರು ಕಿಟಕಿ ಪರದೆಗಳಿಂದ ದೂರ ಕೂತುಕೊಳ್ಳಿ.)

ನನಗೆ ಆಗದಿರುವುದು ಇನ್ನೊಂದು ಥರ. ಎಡಕ್ಕೆ ಹೋಗ್ತೀರಾ ಬಲಕ್ಕೆ ಹೋಗ್ತೀರಾ ಅಂತ ಕೇಳುತ್ತಾರೆ. ನಾವು ಅರ್ಧ ಗಂಟೆ ಚರ್ಚೆ ಮಾಡಿ, ಹೆಜ್ಜೆಗುರುತು ನೋಡಿ, ಹಳ್ಳಿಯವರನ್ನು ವಿಚಾರಿಸಿ, ಇರುವ ಒಂದೇ ಮಂತ್ರ ಖರ್ಚು ಮಾಡಿ ಎಡಕ್ಕೆ ಹೋಗುತ್ತೇವೆ. ಎಡಕ್ಕೆ ಹೋದರೂ ಓಗರ್, ಬಲಕ್ಕೆ ಹೋಗಿದ್ದರೂ ಅದೇ ಓಗರ್. ಇದಕ್ಕೆ ಕ್ವಾಂಟಮ್ ಓಗರ್ ಅಂತ ಹೆಸರೇ ಇದೆ. ಆಡುವವರಿಗೆ ಗೊತ್ತಾಗುವುದಿಲ್ಲವಲ್ಲ, ಏನು ತೊಂದರೆ ಅನ್ನುತ್ತಾರೆ. ಗೊತ್ತಾಗುತ್ತದೆ ಸ್ವಾಮಿ. ಮೂರನೇ ಸಲಕ್ಕೆ ಎಲ್ಲರಿಗೂ ಗೊತ್ತಾಗುತ್ತದೆ, ಆಮೇಲೆ ಯಾರೂ ಹಳ್ಳಿಯವರನ್ನು ವಿಚಾರಿಸುವುದೇ ಇಲ್ಲ, ಯಾವ ಕಡೆಯಾದರೂ ಹೋಗೋಣ ನಡಿ ಅನ್ನುತ್ತಾರೆ. ಅಲ್ಲಿಗೆ ಆಟ ಮುಗಿಯಿತು, ಕ್ಯಾಂಪೇನ್ ಇನ್ನೂ ಆರು ತಿಂಗಳು ಎಳೆದರೂ ಕೂಡ.

2015ರಲ್ಲಿ ಕ್ರಿಟಿಕಲ್ ರೋಲ್ ಅನ್ನುವ, ಈ ಆಟ ಆಡುವುದನ್ನೇ ತೋರಿಸುವ ಕಾರ್ಯಕ್ರಮ ಶುರುವಾದ ಮೇಲೆ ಹೊಸಬರು ತುಂಬಾ ಬಂದರು, ಸಂತೋಷ. ಅದರಲ್ಲಿ ಆಡುವವರು ವೃತ್ತಿಯಿಂದಲೇ ಧ್ವನಿ ನಟರು. ಅದನ್ನು ನೋಡಿ ಬಂದವರು ಪ್ರತಿ ಸೆಷನ್‌ನಲ್ಲೂ ಕಣ್ಣೀರು ಬರಬೇಕು ಅಂತ ಕಾಯುತ್ತಾರೆ, ಜಿಎಂಗಳು ಬರಿಸಲೇಬೇಕು ಅಂತ ಒದ್ದಾಡುತ್ತಾರೆ. ನಮ್ಮದು ಶನಿವಾರ ಸಂಜೆಯ ಆಟ. ಅರ್ಧ ಇಂಗ್ಲಿಷ್ ಅರ್ಧ ಕನ್ನಡ. ಲೆಕ್ಕ ಎಲ್ಲ ಇಂಗ್ಲಿಷಿನಲ್ಲಿ, ಬೇಡಿಕೊಳ್ಳುವುದು ಬೈಯುವುದು ಕನ್ನಡದಲ್ಲಿ. ನಮ್ಮ ಜಿಎಂನ ಡ್ವಾರ್ಫ್ ಕಮ್ಮಾರ ಅಪ್ಪಟ ಮಂಡ್ಯದವನ ಥರ ಮಾತಾಡುತ್ತಾನೆ, ಅದು ನನಗೆ ಯಾವ ಕಣ್ಣೀರಿಗಿಂತಲೂ ಇಷ್ಟ.

ಇನ್ನೊಬ್ಬ ಗೆಳೆಯನಿದ್ದಾನೆ, ಅವನಿಗೆ ಕಥೆಯೇ ಬೇಡ. ಕ್ಯಾರೆಕ್ಟರ್ ಶೀಟ್, ಅಂದರೆ ಪಾತ್ರದ ಅಂಕಿಗಳ ಹಾಳೆ ಕಟ್ಟುವುದೇ ಅವನ ಆಟ. ಯಾವ ಕ್ಲಾಸ್ (ಪಾತ್ರದ ಕಸುಬು) ಜೊತೆ ಯಾವುದನ್ನು ಸೇರಿಸಿದರೆ ಹನ್ನೊಂದನೇ ಲೆವೆಲ್‌ನಲ್ಲಿ ಎಷ್ಟು ಏಟು ಬೀಳುತ್ತದೆ ಅಂತ ಸ್ಪ್ರೆಡ್‌ಶೀಟ್ ಇಟ್ಟುಕೊಂಡಿದ್ದಾನೆ. ಇವನಂಥವರನ್ನು ಕೀಳಾಗಿ ನೋಡುವ ಚಾಳಿ ನಮ್ಮವರಲ್ಲಿ ಇದೆ, ನನಗೆ ಸರಿ ಕಾಣುವುದಿಲ್ಲ. ಆಡುವವರಲ್ಲಿ ಬೇರೆ ಬೇರೆ ಥರದವರಿದ್ದಾರೆ, ಒಬ್ಬೊಬ್ಬರ ಖುಷಿ ಒಂದೊಂದರಲ್ಲಿ ಅಂತ ಗ್ಲೆನ್ ಬ್ಲಾಕೋ ಅನ್ನುವವರು 1980ರಲ್ಲೇ ಲೇಖನ ಬರೆದಿದ್ದರು. ಅದೇ ಜಗಳ ಇವತ್ತಿಗೂ ನಡೆಯುತ್ತಿದೆ. ನನ್ನ ಈ ಗೆಳೆಯ ದಾಳ ಮುಚ್ಚಿಡುವುದನ್ನು ನನಗಿಂತ ಜಾಸ್ತಿ ದ್ವೇಷಿಸುತ್ತಾನೆ, ಅವನ ಲೆಕ್ಕವೆಲ್ಲ ನೀರುಪಾಲಾಗುತ್ತದಲ್ಲ.

ಜಗಳವೇ ಬೇಡ ಅನ್ನುವವರಿಗೆ ಅಪೋಕ್ಯಾಲಿಪ್ಸ್ ವರ್ಲ್ಡ್ ಅನ್ನುವ ಆಟ ಇದೆ, 2010ರದ್ದು. ಅದರಲ್ಲಿ ಜಿಎಂ ದಾಳ ಹಾಕುವುದೇ ಇಲ್ಲ, ಮುಚ್ಚಿಡುವ ಮಾತೆಲ್ಲಿ ಬಂತು! ಆಡುವವರು ಎರಡು ಮಾಮೂಲಿ ದಾಳ ಹಾಕಿ, ಪಾತ್ರದ ಅಂಕಿ ಸೇರಿಸಿ ಕೂಡುತ್ತಾರೆ. 10 ಅಥವಾ ಮೇಲೆ ಬಂದರೆ ಕೆಲಸ ಆಯಿತು. 6 ಅಥವಾ ಕೆಳಗೆ ಬಂದರೆ ಕೆಟ್ಟದ್ದೇನೋ ಕಾದಿದೆ. ನಡುವೆ 7ರಿಂದ 9 ಬಂದರೆ ಕೆಲಸ ಆಗುತ್ತದೆ, ಆದರೆ ಏನಾದರೂ ಬೆಲೆ ತೆರಬೇಕು. ಪಾತ್ರಕ್ಕೆ +1 ಇದ್ದರೆ ಈ ನಡುವಿನದು 36ರಲ್ಲಿ 16 ಸಲ, ಉಳಿದೆರಡೂ ಹತ್ತು ಹತ್ತು. ಅಂದರೆ ಅತಿ ಹೆಚ್ಚು ಸಲ ಬೀಳುವುದು 'ಹೌದು, ಆದರೆ...' ಬಾಗಿಲು ತೆರೆಯಿತು, ಆದರೆ ಒಳಗಿರುವವರು ಎದ್ದರು. ಆ 'ಆದರೆ' ಏನು ಅಂತ ಎಲ್ಲರೂ ಸೇರಿ ತಲೆ ಕೆರೆದುಕೊಳ್ಳುವ ಹೊತ್ತಿದೆಯಲ್ಲ, ನನ್ನ ಮಟ್ಟಿಗೆ ಅದೇ ಈ ಹವ್ಯಾಸದ ಬೆಣ್ಣೆ.

ಮೊದಲ ಆಟಕ್ಕೂ ಮುಂಚೆ ಕೂತು ಮಾತಾಡುವುದಕ್ಕೆ ಸೆಷನ್ ಝೀರೋ ಅನ್ನುತ್ತಾರೆ. ಅಲ್ಲಿ ನಾನು ತಪ್ಪದೆ ಕೇಳುವುದು ದಾಳ ಎಲ್ಲರ ಎದುರಿಗೆ ಹಾಕುತ್ತೀರಾ, ಪಾತ್ರ ಸಾಯಬಹುದಾ, ನಾವು ನಿಮ್ಮ ಕಥೆ ಬಿಟ್ಟು ಬೇರೆ ಊರಿಗೆ ಹೋದರೆ ಆ ಊರು ಇರುತ್ತದಾ ಅಂತ. ಇರುವುದಿಲ್ಲ ಅಂದರೂ ನನಗೆ ಬೇಜಾರಿಲ್ಲ. ಕಾಲ್ ಆಫ್ ಕ್ತುಲು ಅನ್ನುವ ಭಯಾನಕ ಆಟದ ಎಷ್ಟೋ ಆಟಗಳಲ್ಲಿ ದಾರಿ ಹೆಚ್ಚುಕಡಿಮೆ ಒಂದೇ. ಪತ್ತೇದಾರಿ ಮಾಡುತ್ತಾ ಹೋದಂತೆ ಬುದ್ಧಿ ಸ್ಥಿಮಿತದ ಅಂಕಿ ಇಳಿಯುತ್ತದೆ, ಆ ಲೋಕದ ಗುಟ್ಟು ಜಾಸ್ತಿ ತಿಳಿದಷ್ಟೂ ಆ ಅಂಕಿ ಏರಬಹುದಾದ ಮಿತಿಯೇ ತಗ್ಗುತ್ತದೆ. ಎಲ್ಲಿಗೆ ಹೋಗಿ ಮುಟ್ಟುತ್ತೇವೆ ಅಂತ ಗೊತ್ತಿದ್ದೇ ಹೊರಡುತ್ತೇವೆ, ಅಲ್ವಾ?

ಈಗಿನ ಕ್ಯಾಂಪೇನ್ ಮುಗಿಯುತ್ತಾ ಬಂತು. ಮುಂದಿನದಕ್ಕೆ ನಾನು ಟ್ರಾವೆಲರ್ ಅನ್ನುವ ಆಟಕ್ಕೆ ಚೀಟಿ ಹಾಕಿದ್ದೇನೆ, 1977ರ ಹಳೆಯ ನಿಯಮಗಳಲ್ಲೇ. ಅದರಲ್ಲಿ ಪಾತ್ರ ಮಾಡುವಾಗಲೇ ನಾಲ್ಕು ನಾಲ್ಕು ವರ್ಷದ ನೌಕರಿ ಮಾಡಿಸಬೇಕು, ಒಂದೊಂದು ಅವಧಿಗೂ ಬದುಕಿದನಾ ಅಂತ ದಾಳ ಹಾಕಬೇಕು. ಸೋತರೆ ಆಟ ಶುರುವಾಗುವ ಮುಂಚೆಯೇ ಪಾತ್ರ ಸತ್ತುಹೋಗುತ್ತದೆ, ಹೊಸ ಹಾಳೆ ತಗೋಬೇಕು. ಸ್ಪ್ರೆಡ್‌ಶೀಟ್ ಗೆಳೆಯ ಆಗಲೇ ಒಪ್ಪಿದ್ದಾನೆ. ಮಂತ್ರವಾದಿಯನ್ನು ಕಳೆದುಕೊಂಡ ಗೆಳತಿ ಮಾತ್ರ ನಿನಗೆ ತಲೆ ಕೆಟ್ಟಿದೆ ಅಂತ ಬೈದು, ಆಮೇಲೆ ಎಷ್ಟು ಬಂದರೆ ಸಾಯೋದು ಅಂತ ಮೆಲ್ಲಗೆ ವಿಚಾರಿಸಿದಳು.