ದೀಪಾವಳಿಗೆ ಬಾದಾಮಿ ಹಣ್ಣಿನ ಸೀಕರಣೆ

ಹೋದ ದೀಪಾವಳಿಗೆ ನಮ್ಮ ಮನೆಯಲ್ಲಿ ಹೋಳಿಗೆ ಜೊತೆ ಬಾದಾಮಿ ಮಾವಿನ ಹಣ್ಣಿನ ಸೀಕರಣೆ ಮಾಡಿದ್ದೆ. ಊಟಕ್ಕೆ ಬಂದಿದ್ದ ನಾದಿನಿ ಒಂದು ಚಮಚ ಬಾಯಿಗೆ ಇಟ್ಟವಳೇ, "ಅತ್ತಿಗೆ, ಈ ತಿಂಗಳಲ್ಲಿ ಹಣ್ಣು ಎಲ್ಲಿ ಸಿಕ್ತು?" ಅಂದಳು. ಅಂಗಡಿಯಲ್ಲಿ ಸಿಗುವ ಡಬ್ಬಿ ರಸ ಇರಬೇಕು ಅಂದುಕೊಂಡಿದ್ದಳು. ಅಲ್ಲ, ಅದು ಮೇ ತಿಂಗಳಲ್ಲಿ ಅಪ್ಪಾಜಿ ತೋಟದಿಂದ ಬಂದ ಹಣ್ಣು. ಅಷ್ಟು ತಿಂಗಳೂ ನಮ್ಮ ಫ್ರೀಜರ್‌ನಲ್ಲೇ ಇತ್ತು. ಹಣ್ಣನ್ನು ಹಾಗೆ ಇಡುವುದು ಹೇಗೆ ಅಂತ ಅವತ್ತಿನಿಂದ ಕೇಳಿದವರಿಗೆಲ್ಲ ಫೋನಿನಲ್ಲಿ ಅಷ್ಟಷ್ಟೇ ಹೇಳಿದ್ದೇನೆ. ಈಗ ಮತ್ತೆ ಹಣ್ಣಿನ ಕಾಲ ಬಂದಿದೆ, ದಾವಣಗೆರೆಯ ಬಿಸಿಲಿಗೆ ಮಧ್ಯಾಹ್ನ ಹೊರಗೆ ಕಾಲಿಡುವ ಹಾಗಿಲ್ಲ, ಹಾಗಾಗಿ ಕೂತು ಪೂರ್ತಿ ಬರೆಯುತ್ತಿದ್ದೇನೆ.

ನನ್ನ ತವರು ಸಂತೇಬೆನ್ನೂರು ಕಡೆ. ಚನ್ನಗಿರಿ ತಾಲ್ಲೂಕು ಅಂದರೆ ಈಗ ಎಲ್ಲರಿಗೂ ಅಡಿಕೆ ನೆನಪಾಗುತ್ತದೆ, ಆದರೆ ಆ ಕಡೆ ಮಾವಿನ ತೋಪುಗಳೂ ಇವೆ. ನಮ್ಮದು ತೋಪು ಅನ್ನುವಷ್ಟು ದೊಡ್ಡದಲ್ಲ, ಹನ್ನೊಂದು ಮರ. ಆರು ಬಾದಾಮಿ, ಮೂರು ರಸಪುರಿ, ಒಂದು ಗಿಣಿಮೂತಿ, ಒಂದು ಮಲ್ಲಿಕಾ. ಬೇರೆ ಕಡೆ ಆಲ್ಫಾನ್ಸೊ ಅನ್ನುವುದನ್ನೇ ನಾವು ಬಾದಾಮಿ ಅನ್ನುತ್ತೇವೆ. ಮಾವಿನ ಕಷ್ಟ ಏನೆಂದರೆ ಎಲ್ಲ ಒಟ್ಟಿಗೇ ಬರುತ್ತದೆ. ಹನ್ನೊಂದು ತಿಂಗಳು ಏನೂ ಇಲ್ಲ, ಆಮೇಲೆ ಮೂರು ವಾರ ಪುಟ್ಟಿಗಟ್ಟಲೆ. ಅಕ್ಕಪಕ್ಕದವರಿಗೆ ಕೊಟ್ಟು, ನೆಂಟರಿಗೆ ಕೊಟ್ಟು, ಮನೆಯಲ್ಲಿ ಮೂರು ಹೊತ್ತೂ ತಿಂದರೂ ಉಳಿಯುತ್ತಿತ್ತು. ಅಪ್ಪಾಜಿ ವರ್ಷವಿಡೀ ಮರಗಳ ಬುಡದಲ್ಲೇ ಇರುತ್ತಾರೆ. ಅವರು ಅಷ್ಟು ಜೋಪಾನ ಮಾಡಿದ ಹಣ್ಣು ಮೂಲೆಯಲ್ಲಿ ಕಪ್ಪಾಗಿ ನೀರು ಬಿಡುವುದನ್ನು ನೋಡಿದರೆ ಕರುಳು ಚುರ್ ಅನ್ನುತ್ತಿತ್ತು. ಅವ್ವ ಇದ್ದಾಗ ರಸ ತೆಗೆದು, ತಟ್ಟೆಗೆ ಹರಡಿ, ಮಾಳಿಗೆ ಮೇಲೆ ಒಣಗಿಸಿ ಮಾವಿನ ಹಪ್ಪಳ ಮಾಡುತ್ತಿದ್ದಳು. ಅದರ ರುಚಿಗೆ ಸಮ ಇಲ್ಲ. ಆದರೆ ಅದರಿಂದ ಸೀಕರಣೆ ಆಗುವುದಿಲ್ಲ ಅಲ್ವಾ. ನನ್ನ ಮಗಳು ಹಾಸ್ಟೆಲ್‌ನಲ್ಲಿದ್ದು ಓದುತ್ತಾಳೆ, ಮಾವಿನ ಕಾಲದಲ್ಲೇ ಅವಳಿಗೆ ಪರೀಕ್ಷೆ, ದೀಪಾವಳಿಗೆ ಮಾತ್ರ ನೆಮ್ಮದಿಯಾಗಿ ಬರುತ್ತಾಳೆ. ಅವಳಿಗೆ ಅಂತ ಶುರು ಮಾಡಿದ್ದು ಇದು.

ಮೊದಲ ವರ್ಷ ಎಲ್ಲ ಕೆಟ್ಟಿತು. ಎರಡು ಲೀಟರಿನ ಡಬ್ಬಿಗೆ ಕಂಠದವರೆಗೆ ರಸ ತುಂಬಿ, ದೊಡ್ಡ ಕವರಿಗೆ ಮೂರು ಕೆಜಿ ಹೋಳು ತುಂಬಿ, ಎರಡನ್ನೂ ಒಟ್ಟಿಗೆ ಫ್ರೀಜರ್‌ಗೆ ತುರುಕಿದೆ. ಬೆಳಗ್ಗೆ ನೋಡಿದರೆ ಡಬ್ಬಿಯ ಮುಚ್ಚಳ ಎದ್ದು ಬಂದಿತ್ತು, ಪಕ್ಕದಲ್ಲಿ ಬಿರುಕು. ನೀರು ಗಡ್ಡೆ ಕಟ್ಟುವಾಗ ಸುಮಾರು 9% ಹಿಗ್ಗುತ್ತದೆ, ಅದಕ್ಕೆ ಮೇಲೆ ಒಂದು ಬೆರಳಾದರೂ ಜಾಗ ಬಿಡಬೇಕು. ಅದು ಸಣ್ಣ ತಪ್ಪು. ಹೋಳಿನ ಕವರ್ ಎರಡು ದಿನ ಆದರೂ ನಡುವೆ ಮೆತ್ತಗೇ ಇತ್ತು. ಆಮೇಲೆ ಕಲ್ಲಿನಂಥ ಒಂದೇ ಗಡ್ಡೆ ಆಯಿತು. ಒಂದು ಬಟ್ಟಲು ಬೇಕಾದರೂ ಪೂರ್ತಿ ಕರಗಿಸಬೇಕು. ಕರಗಿಸಿದೆ, ಬೇಕಾದಷ್ಟು ತೆಗೆದೆ, ಉಳಿದದ್ದನ್ನು ಮತ್ತೆ ಒಳಗಿಟ್ಟೆ. ಎರಡನೇ ಸಲ ತೆಗೆದಾಗ ಹೋಳು ಅನ್ನುವುದೇ ಇರಲಿಲ್ಲ, ನೀರು ಒಂದು ಕಡೆ, ನಾರು ಒಂದು ಕಡೆ, ಹುಳಿ ವಾಸನೆ ಬೇರೆ. ಎಲ್ಲ ತಿಪ್ಪೆಗೆ ಹೋಯಿತು.

ಯಾಕೆ ಹೀಗಾಯಿತು ಅಂತ ಗೊತ್ತಾದ ಮೇಲೆ ಉಳಿದದ್ದೆಲ್ಲ ಸುಲಭ ಆಯಿತು, ಅದಕ್ಕೇ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹಣ್ಣಿನಲ್ಲಿರುವ ನೀರಿನ ಹೆಚ್ಚಿನ ಪಾಲು ಗಡ್ಡೆ ಕಟ್ಟುವುದು ಮೈನಸ್ 1ರಿಂದ ಮೈನಸ್ 5 ಡಿಗ್ರಿ ಒಳಗೆ. ಈ ಘಟ್ಟ ಬೇಗ ದಾಟಿದರೆ ಮಂಜಿನ ಹರಳುಗಳು ಸಣ್ಣ ಸಣ್ಣವಾಗಿ ಉಳಿಯುತ್ತವೆ. ನಿಧಾನ ಆದಷ್ಟೂ ಹರಳು ದೊಡ್ಡದಾಗಿ ಬೆಳೆದು ಹಣ್ಣಿನ ಒಳಗಿನ ಸಣ್ಣ ಸಣ್ಣ ಕೋಶಗಳನ್ನು ಹರಿದು ಹಾಕುತ್ತವೆ. ಕರಗಿಸಿದಾಗ ರಸ ಸೋರಿ ಹೋಗುವುದು ಅದಕ್ಕೇ. ಅಮೆರಿಕದ ಕ್ಲಾರೆನ್ಸ್ ಬರ್ಡ್ಸ್‌ಐ ಅನ್ನುವವರು ಈಗಿನ ಕೆನಡಾದ ಲ್ಯಾಬ್ರಡಾರ್‌ನಲ್ಲಿದ್ದಾಗ ಅಲ್ಲಿನ ಇನ್ಯೂಟ್ ಜನ ಹಿಡಿದ ಮೀನು ಕೊರೆಯುವ ಚಳಿಗೆ ತಕ್ಷಣ ಗಟ್ಟಿಯಾಗುವುದನ್ನು, ಎಷ್ಟೋ ದಿನದ ಮೇಲೂ ತಾಜಾ ರುಚಿ ಇರುವುದನ್ನು ನೋಡಿದರಂತೆ. 1920ರ ದಶಕದಲ್ಲಿ ಅವರು ಬೇಗ ಹೆಪ್ಪುಗಟ್ಟಿಸುವ ಯಂತ್ರ ಮಾಡಿದ್ದು ಆ ಅನುಭವದಿಂದ. ನಮ್ಮ ಮನೆಯ ಫ್ರೀಜರ್‌ಗೆ ಆ ಶಕ್ತಿ ಇಲ್ಲ. ನಾವು ಮಾಡಬಹುದಾದದ್ದು ಇಷ್ಟೇ: ಹಣ್ಣನ್ನು ತೆಳ್ಳಗೆ ಹರಡುವುದು, ಒಂದು ದಿನಕ್ಕೆ ಸ್ವಲ್ಪ ಸ್ವಲ್ಪವೇ ಇಡುವುದು.

ಈಗ ಹಣ್ಣಿನ ವಿಷಯ. ಪೂರ್ತಿ ಹಣ್ಣಾದದ್ದೇ ಬೇಕು. ಫ್ರೀಜರ್‌ನಲ್ಲಿ ಹಣ್ಣು ಮಾಗುವುದಿಲ್ಲ, ಹುಳಿ ಇದ್ದರೆ ಹುಳಿಯಾಗೇ ಇರುತ್ತದೆ. ತೋಟದ ಕಾಯನ್ನು ನಾವು ಹುಲ್ಲಿನಲ್ಲಿ ಅಡೆ ಹಾಕುತ್ತೇವೆ, ಬಾಗಿಲು ತೆಗೆದರೆ ಕೋಣೆ ತುಂಬ ಘಮ ಬಂದ ದಿನ ತೆಗೆಯುತ್ತೇವೆ. ಕೊಂಡು ತರುವವರು ಬರೀ ಬಣ್ಣ ನೋಡಬೇಡಿ, ತೊಟ್ಟಿನ ಹತ್ತಿರ ಮೂಸಿ ನೋಡಿ. ಕಾರ್ಬೈಡ್ ಹಾಕಿ ಹಣ್ಣು ಮಾಡುವುದಕ್ಕೆ ನಿಷೇಧ ಇದೆ, ಆದರೂ ಹೊರಗೆ ಹಳದಿ ಒಳಗೆ ಹುಳಿ ಇರುವ ಹಣ್ಣು ನನಗೇ ಸಿಕ್ಕಿದೆ. ಇನ್ನೊಂದು, ಜೋರು ಮಳೆ ಹಿಡಿಯುವ ಮೊದಲೇ ಕೆಲಸ ಮುಗಿಸಿ. ಮಳೆ ಬಿದ್ದ ಮೇಲೆ ಹಣ್ಣು ನೊಣದ ಕಾಟ ಜಾಸ್ತಿ. ಅದು ಬಲಿತ ಕಾಯಿಯ ಸಿಪ್ಪೆ ಚುಚ್ಚಿ ಒಳಗೆ ಮೊಟ್ಟೆ ಇಡುತ್ತದೆ, ಮೇಲೆ ಚೆನ್ನಾಗಿ ಕಂಡ ಹಣ್ಣಿನ ಒಳಗೆ ಹುಳ ಇರುತ್ತದೆ. ಹಾಗಾಗಿ ಪ್ರತಿ ಹಣ್ಣನ್ನೂ ಕೊಯ್ದು ನೋಡಿಯೇ ಹಾಕಬೇಕು. ಅನುಮಾನ ಬಂದದ್ದನ್ನು ಬಿಟ್ಟುಬಿಡಿ.

ನಾನು ಮಾಡುವುದು ಹೀಗೆ. ಹಣ್ಣನ್ನು ಅರ್ಧ ಗಂಟೆ ನೀರಿನಲ್ಲಿ ನೆನೆಹಾಕಿ ಸೊನೆ ತೊಳೆಯುತ್ತೇನೆ, ಒಣ ಬಟ್ಟೆಯಲ್ಲಿ ಒರೆಸುತ್ತೇನೆ. ಬಾದಾಮಿಯಾದರೆ ಸಿಪ್ಪೆ ತೆಗೆದು ಒಂದಿಂಚು ಹೋಳು. ಸ್ಟೀಲ್ ತಟ್ಟೆಗೆ ಬಟರ್ ಪೇಪರ್ ಹಾಸಿ ಒಂದಕ್ಕೊಂದು ತಾಗದ ಹಾಗೆ ಜೋಡಿಸಿ, ಮುಚ್ಚದೆ ಫ್ರೀಜರ್‌ನಲ್ಲಿ ಇಡುತ್ತೇನೆ. ಸ್ಟೀಲಿಗೆ ಚಳಿ ಬೇಗ ತಾಗುತ್ತದೆ, ಪ್ಲಾಸ್ಟಿಕ್‌ಗಿಂತ ಒಳ್ಳೆಯದು. ಸಂಜೆ ಇಟ್ಟರೆ ಬೆಳಗ್ಗೆ ಕಲ್ಲುಸಕ್ಕರೆ ಹಾಗೆ ಬಿಡಿ ಬಿಡಿಯಾಗಿರುತ್ತದೆ. ತಕ್ಷಣ ಜಿಪ್ ಕವರಿಗೆ ಹಾಕಿ, ಗಾಳಿಯೆಲ್ಲ ಒತ್ತಿ ತೆಗೆದು ಮುಚ್ಚುತ್ತೇನೆ. ಈ ಗಾಳಿ ತೆಗೆಯುವುದನ್ನು ಮಾತ್ರ ಉದಾಸೀನ ಮಾಡಬೇಡಿ. ಗಾಳಿ ಉಳಿದರೆ ಹಣ್ಣಿನ ತೇವ ಆವಿಯಾಗಿ ಕವರಿನ ಒಳಗೋಡೆಗೆ ಮಂಜಾಗಿ ಕೂರುತ್ತದೆ, ಹೋಳು ಬೆಳ್ಳಗೆ ಒಣಗಿ ಬೆಂಡಾಗುತ್ತದೆ. ಒಂದು ಕವರಿಗೆ ಒಂದು ಹೊತ್ತಿಗೆ ಆಗುವಷ್ಟು ಮಾತ್ರ. ಮೇಲೆ ಹಣ್ಣಿನ ಹೆಸರು, ತಾರೀಖು.

ರಸಪುರಿಯನ್ನು ಹೋಳು ಮಾಡಲು ಆಗುವುದಿಲ್ಲ, ಅದು ರಸದ ಹಣ್ಣು. ಹಿಂಡಿ, ವಾಟೆ ತೆಗೆದು, ಜರಡಿಯಲ್ಲಿ ಸೋಸಿ, ಒಂದು ಲೀಟರ್ ರಸಕ್ಕೆ ನಾಲ್ಕು ಚಮಚ ಸಕ್ಕರೆ, ಅರ್ಧ ನಿಂಬೆಹಣ್ಣಿನ ರಸ ಬೆರೆಸುತ್ತೇನೆ. ನಿಂಬೆಯ ಹುಳಿ ಬಣ್ಣ ಕಂದಾಗದ ಹಾಗೆ ತಡೆಯುತ್ತದೆ. ಸಕ್ಕರೆ ಇದ್ದರೆ ಗಡ್ಡೆ ಅಷ್ಟು ಕಲ್ಲಾಗುವುದಿಲ್ಲ. ಐಸ್ ಟ್ರೇಗೆ ಸುರಿದು, ಗಟ್ಟಿಯಾದ ಮೇಲೆ ಬಿಡಿಸಿ ಕವರಿಗೆ. ಇಲ್ಲವಾದರೆ ಜಿಪ್ ಕವರಿಗೇ ಎರಡು ಲೋಟ ರಸ ಹಾಕಿ, ತಟ್ಟೆಯ ಮೇಲೆ ಹಲಗೆ ಹಾಗೆ ಚಪ್ಪಟೆ ಮಲಗಿಸಿ. ಗಟ್ಟಿಯಾದ ಮೇಲೆ ಪುಸ್ತಕ ಜೋಡಿಸಿದ ಹಾಗೆ ನಿಲ್ಲಿಸಬಹುದು, ಜಾಗವೂ ಉಳಿಯುತ್ತದೆ.

ಫ್ರಿಜ್ ಬಗ್ಗೆ ಒಂದು ಮಾತು ನೇರವಾಗಿ ಹೇಳಿಬಿಡುತ್ತೇನೆ. ವರ್ಷ ಇಡಬೇಕಾದರೆ ಮೈನಸ್ 18 ಡಿಗ್ರಿ ಬೇಕು. ಒಂದೇ ಬಾಗಿಲಿನ ಫ್ರಿಜ್‌ನ ಒಳಗಿನ ಸಣ್ಣ ಐಸ್ ಖಾನೆ ಸಾಮಾನ್ಯವಾಗಿ ಅಷ್ಟು ತಣ್ಣಗಾಗುವುದಿಲ್ಲ. ಅದರಲ್ಲಿ ಒಂದೆರಡು ತಿಂಗಳಿಗೆ ಇಟ್ಟುಕೊಳ್ಳಿ, ಸಾಕು. ಫ್ರೀಜರ್‌ಗೆ ಬೇರೆ ಬಾಗಿಲು ಇದ್ದರೆ ಆಗುತ್ತದೆ. ಪರೀಕ್ಷೆ ಮಾಡಲು ಐಸ್‌ಕ್ರೀಂ ಇಟ್ಟು ನೋಡಿ. ಕಲ್ಲಿನ ಹಾಗೆ ಗಟ್ಟಿ ಇದ್ದರೆ ಸರಿ, ಚಮಚ ಸಲೀಸಾಗಿ ಇಳಿದರೆ ಚಳಿ ಸಾಲದು. ನಮ್ಮಂಥ ಮನೆಯ ಫ್ರೀಜರ್‌ಗೆ ದಿನಕ್ಕೆ ಎರಡು ಕೆಜಿಗಿಂತ ಜಾಸ್ತಿ ಹೊಸ ಹಣ್ಣು ಇಡಬೇಡಿ. ನಾನು ಒಂದು ಪುಟ್ಟಿ ಮುಗಿಸಲು ಐದಾರು ದಿನ ತೆಗೆದುಕೊಳ್ಳುತ್ತೇನೆ. ಅದಕ್ಕೇ ಅಪ್ಪಾಜಿಗೆ ಎಲ್ಲವನ್ನೂ ಒಂದೇ ದಿನ ಅಡೆ ಹಾಕಬೇಡಿ ಅಂತ ಹೇಳಿಟ್ಟಿದ್ದೇನೆ.

ಭರಣಿ ಮಳೆಯ ಗಾಳಿಗೆ ಉದುರುವ ಕಾಯಿಗಳಿವೆಯಲ್ಲ, ಅವನ್ನೂ ಬಿಡಬೇಡಿ. ಮೊದಲು ಅದೆಲ್ಲ ಉಪ್ಪಿನಕಾಯಿಗೆ, ಇಲ್ಲ ಸುಮ್ನೆ ದನಕ್ಕೆ ಹೋಗುತ್ತಿತ್ತು. ಈಗ ತುರಿದು, ಮುಷ್ಟಿ ಮುಷ್ಟಿ ಉಂಡೆಯಂತೆ ತಟ್ಟೆಗಿಟ್ಟು ಗಟ್ಟಿ ಮಾಡಿ ಕವರಿಗೆ ಹಾಕುತ್ತೇನೆ. ಡಿಸೆಂಬರ್‌ನಲ್ಲಿ ಮಾವಿನಕಾಯಿ ಚಿತ್ರಾನ್ನ ಮಾಡಿದರೆ ಯುಗಾದಿಯದೇ ರುಚಿ. ಕರಗಿಸುವುದೂ ಬೇಡ, ಒಗ್ಗರಣೆಗೆ ನೇರ ಹಾಕಿದರೆ ಆಯಿತು. ನನ್ನ ಕೇಳಿದರೆ, ಹಣ್ಣಿಗಿಂತ ಮೊದಲು ಇದನ್ನು ಕಲಿಯಿರಿ, ಕೆಡುವುದೇ ಇಲ್ಲ.

ಹಲಸು ನಮ್ಮ ಕಡೆ ಕಡಿಮೆ, ಮಲೆನಾಡಿನಿಂದ ಬರುತ್ತದೆ. ಬಕ್ಕೆ ಹಣ್ಣೇ ಆರಿಸಿ, ತೊಳೆ ಗಟ್ಟಿ ಇರಬೇಕು. ಬೀಜ ತೆಗೆದು, ತೊಳೆಯನ್ನು ಮಾವಿನ ಹಾಗೆಯೇ ತಟ್ಟೆಯಲ್ಲಿ ಗಟ್ಟಿ ಮಾಡಿ, ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ. ಕವರಿನಲ್ಲಿಟ್ಟರೆ ಅದರ ವಾಸನೆ ಐಸಿಗೂ ಹತ್ತುತ್ತದೆ. ನೇರಳೆ ಜೂನ್‌ನಲ್ಲಿ ಬರುತ್ತದೆ, ತೊಳೆದು ಪೂರ್ತಿ ಒಣಗಿಸಿ ಇಡಿಯಾಗಿಯೇ ಇಡಬಹುದು. ದ್ರಾಕ್ಷಿಯೂ ಹಾಗೆ, ಮಕ್ಕಳು ಅದನ್ನು ಹಾಗೇ ಬಾಯಿಗೆ ಹಾಕಿಕೊಳ್ಳುತ್ತಾರೆ. ಆದರೆ ಪುಟ್ಟ ಮಕ್ಕಳಿಗೆ ಇಡೀ ದ್ರಾಕ್ಷಿ ಕೊಡಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಚಿಕ್ಕು ಮಿಲ್ಕ್‌ಶೇಕ್‌ಗೆ ಮಾತ್ರ. ಕಲ್ಲಂಗಡಿ ಬೇಡವೇ ಬೇಡ, ಅದರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ನೀರೇ ಇರುವುದು, ಕರಗಿದ ಮೇಲೆ ಏನೂ ಉಳಿಯುವುದಿಲ್ಲ. ದಾಳಿಂಬೆ ನಮ್ಮ ಪಕ್ಕದ ಚಿತ್ರದುರ್ಗ ಜಿಲ್ಲೆಯಲ್ಲೇ ಬೆಳೆಯುತ್ತಾರೆ, ಬೇಕೆಂದಾಗ ಸಿಗುತ್ತದೆ, ಅದಕ್ಕೆ ಫ್ರೀಜರ್ ಜಾಗ ಯಾಕೆ. ನಿಂಬೆಯದು ಮಾತ್ರ ಉಲ್ಟಾ. ಬೇಸಿಗೆಯಲ್ಲಿ ಬೆಲೆ ಕೇಳಿದರೆ ಎದೆ ಝಲ್ ಅನ್ನುತ್ತದೆ, ಮಳೆಗಾಲದಲ್ಲಿ ಅಗ್ಗವಾದಾಗ ಹಿಂಡಿ ಟ್ರೇಗೆ ಹಾಕಿ ಬೇಸಿಗೆಗೆ ಇಟ್ಟುಕೊಳ್ಳುತ್ತೇನೆ.

ಕರೆಂಟ್ ಹೋದರೆ ಏನು ಮಾಡುವುದು ಅಂತ ಎಲ್ಲರೂ ಕೇಳುತ್ತಾರೆ. ಗಾಳಿ ಮಳೆ ಜೋರಾದ ದಿನ ನಮ್ಮ ಬೀದಿಯಲ್ಲೂ ಗಂಟೆಗಟ್ಟಲೆ ಇರುವುದಿಲ್ಲ. ಬಾಗಿಲು ತೆಗೆಯಬೇಡಿ, ಅದೇ ಮುಖ್ಯ. ತುಂಬಿದ ಫ್ರೀಜರ್ ಮುಚ್ಚಿಯೇ ಇದ್ದರೆ ಒಂದು ದಿನವಾದರೂ ಚಳಿ ಹಿಡಿದುಕೊಳ್ಳುತ್ತದೆ, ಖಾಲಿ ಇದ್ದರೆ ಅಷ್ಟು ತಡೆಯುವುದಿಲ್ಲ. ನಾನು ಖಾಲಿ ಜಾಗಕ್ಕೆ ನೀರಿನ ಬಾಟಲಿ ಇಟ್ಟಿರುತ್ತೇನೆ, ಅದೂ ಮುಕ್ಕಾಲು ಮಾತ್ರ ತುಂಬಿ. ಊರಿಗೆ ಹೋಗುವಾಗ ಇನ್ನೊಂದು ಉಪಾಯ. ಲೋಟದಲ್ಲಿ ನೀರು ಗಡ್ಡೆ ಕಟ್ಟಿಸಿ ಮೇಲೆ ಒಂದು ರೂಪಾಯಿ ನಾಣ್ಯ ಇಡಿ. ವಾಪಸ್ ಬಂದಾಗ ನಾಣ್ಯ ಮೇಲೇ ಇದ್ದರೆ ಚಿಂತೆಯಿಲ್ಲ. ತಳಕ್ಕೆ ಇಳಿದಿದ್ದರೆ ನೀವು ಇಲ್ಲದಾಗ ಎಲ್ಲ ಕರಗಿ ಮತ್ತೆ ಗಟ್ಟಿಯಾಗಿದೆ ಅಂತ ಅರ್ಥ, ಆ ಹಣ್ಣು ತಿನ್ನಬೇಡಿ. ಚಳಿಗೆ ಸೂಕ್ಷ್ಮಾಣುಗಳು ಎಲ್ಲವೂ ಸಾಯುವುದಿಲ್ಲ, ಸುಮ್ಮನೆ ಮಲಗಿರುತ್ತವೆ. ಕರಗಿದಾಗ ಎದ್ದು ಕೆಲಸ ಶುರು ಮಾಡುತ್ತವೆ. ಒಮ್ಮೆ ಕರಗಿಸಿದ್ದನ್ನು ಮತ್ತೆ ಇಡಬಾರದು ಅನ್ನುವುದೂ ಇದಕ್ಕೇ.

ಸೀಕರಣೆಗೆ ಹಿಂದಿನ ರಾತ್ರಿ ಪ್ಯಾಕೆಟ್ಟನ್ನು ಫ್ರಿಜ್‌ನ ಕೆಳಗಿನ ಖಾನೆಗೆ ಇಳಿಸಿ. ಹೊರಗಿಟ್ಟು ಕರಗಿಸಬೇಡಿ, ನಮ್ಮೂರ ಸೆಕೆಗೆ ಮೇಲೆ ಬಿಸಿ ಒಳಗೆ ಗಡ್ಡೆ ಆಗುತ್ತದೆ. ಪೂರ್ತಿ ಕರಗುವ ಸ್ವಲ್ಪ ಮುಂಚೆ ಕಿವುಚಿ, ಕಾಯಿಸಿ ಆರಿಸಿದ ಹಾಲು, ಬೆಲ್ಲ, ಏಲಕ್ಕಿ ಹಾಕಿ. ಹೋಳು ತಾಜಾ ಹಣ್ಣಿನಷ್ಟು ಗಟ್ಟಿ ಇರುವುದಿಲ್ಲ, ಕೊಯ್ದು ತಟ್ಟೆಯಲ್ಲಿಟ್ಟು ತಿನ್ನುವ ಸುಖ ಇದರಲ್ಲಿ ಸಿಗದು. ಕಿವುಚುವುದಕ್ಕೆ, ಹಾಲಿಗೆ ಬೆರೆಸುವುದಕ್ಕೆ ಮಾತ್ರ ಇದಕ್ಕಿಂತ ಚೆನ್ನಾಗಿ ಬೇರೆ ಇಲ್ಲ.

ಆಯಾ ಕಾಲದ ಹಣ್ಣು ಆಯಾ ಕಾಲಕ್ಕೇ ತಿನ್ನಬೇಕು ಅನ್ನುವವರು ಅಪ್ಪಾಜಿ. ಸಂಕ್ರಾಂತಿಗೆ ಬಂದಾಗ ಅವರಿಗೆ ಒಂದು ಬಟ್ಟಲು ಕೊಟ್ಟೆ, ಯಾವುದು ಅಂತ ಹೇಳಲಿಲ್ಲ. ಎರಡು ಚಮಚ ತಿಂದು, "ಇದು ಬಾವಿ ಪಕ್ಕದ ಮರದ್ದಲ್ವೇನವ್ವಾ?" ಅಂದರು. ಕವರಿನ ಮೇಲೆ ನಾನು ಮರ ಬರೆದಿರಲಿಲ್ಲ. ಈ ವರ್ಷ ಬರೆಯುತ್ತೇನೆ.

ನಿನ್ನೆ ಫೋನ್ ಮಾಡಿದ್ದರು, ಭಾನುವಾರದ ಬಸ್ಸಿಗೆ ಎರಡು ಪುಟ್ಟಿ ಹಾಕುತ್ತಾರಂತೆ. ಹೋದ ವರ್ಷದ ಎರಡು ಪ್ಯಾಕೆಟ್ ಇನ್ನೂ ಉಳಿದಿವೆ, ಜೂನ್ 2ರ ತಾರೀಖಿನವು. ರಾತ್ರಿ ಚಪಾತಿಗೆ ಆಗುತ್ತದೆ ಅಂತ ಈಗಷ್ಟೇ ಕೆಳಗಿನ ಖಾನೆಗೆ ಇಳಿಸಿ ಬಂದೆ.