ಕಂಪ್ಯೂಟರಿಗೆ ಹಾಕಿದರೆ ಆಗುವುದಿಲ್ಲವೇ?

ನನ್ನ ಕೆಲಸ ಗಣಿತೀಯ ಭೌತಶಾಸ್ತ್ರ. ಅತಿಶೀತಲ ಪರಮಾಣುಗಳು ಒಂದೇ ಸಾಲಿನಲ್ಲಿ ಡಿಕ್ಕಿ ಹೊಡೆದುಕೊಂಡರೆ ಏನಾಗುತ್ತದೆ ಎಂದು ಕಾಗದದ ಮೇಲೆ ಲೆಕ್ಕ ಮಾಡುತ್ತೇನೆ. ಹೀಗೆಂದ ಕೂಡಲೇ ಬರುವ ಪ್ರಶ್ನೆ: "ಅದನ್ನೆಲ್ಲ ಕಂಪ್ಯೂಟರಿಗೆ ಹಾಕಿದರೆ ಆಗುವುದಿಲ್ಲವೇ?"

ಆಗುವುದಿಲ್ಲ.

ನನ್ನ ಸಿಟ್ಟೆಲ್ಲ ಆ ‘ಹಾಕಿದರೆ’ ಎಂಬ ಮಾತಿನ ಮೇಲೆ. ಗಿರಣಿಗೆ ರಾಗಿ ಹಾಕಿದಂತೆ ಮೇಲಿನಿಂದ ಪರಮಾಣು ಸುರಿದರೆ ಕೆಳಗೆ ಉತ್ತರ ಹಿಟ್ಟಾಗಿ ಬೀಳಬೇಕು! ಒಂದೊಂದು ಪರಮಾಣುವಿಗೆ ಎರಡೇ ಸ್ಥಿತಿ ಎಂದುಕೊಂಡರೂ, ಬರೀ 40 ಪರಮಾಣುಗಳನ್ನು ವಿವರಿಸಲು, ಸಾಧ್ಯವಿರುವ ಒಂದೊಂದು ಜೋಡಣೆಗೂ ಒಂದರಂತೆ, ಒಂದು ಲಕ್ಷ ಕೋಟಿಗೂ ಹೆಚ್ಚು ಸಂಖ್ಯೆಗಳು ಬೇಕು. ಇನ್ನೊಂದು ಸೇರಿತೋ, ಅದರ ಎರಡರಷ್ಟು.

ಕಳೆದ ವರ್ಷ ಮದುವೆಯೊಂದರ ಪಂಕ್ತಿಯಲ್ಲಿ ದೊಡ್ಡಪ್ಪ ಪಕ್ಕದಲ್ಲೇ ಕುಳಿತು ಇದನ್ನೇ ಕೇಳಿದರು. ನಾನು ಎಲೆಯ ಮೇಲೆ ಬೂಂದಿ ಕಾಳುಗಳನ್ನು ಸಾಲಾಗಿ ಜೋಡಿಸಿದೆ. "ನೋಡಿ ದೊಡ್ಡಪ್ಪ, ಇವಕ್ಕೆ ಸಾಲು ಬಿಟ್ಟು ಸರಿಯಲು ಜಾಗವಿಲ್ಲ." 1931ರಲ್ಲಿ ಭೌತವಿಜ್ಞಾನಿ ಹಾನ್ಸ್ ಬೆಥೆ ಇಂಥದೇ ಒಂದು ಸಾಲಿನ, ಅಂದರೆ ಪುಟ್ಟ ಕಾಂತಗಳಂಥ ಪರಮಾಣುಗಳ ಸರಪಳಿಯ, ಲೆಕ್ಕ ಬಿಡಿಸುವಾಗ ಕಂಡುಕೊಂಡ ಉಪಾಯ ಅದ್ಭುತವಾದದ್ದು: ಸಾಲಿನಲ್ಲಿ ಎಷ್ಟೇ ಕಣಗಳಿರಲಿ, ಇಡೀ ಗದ್ದಲವನ್ನು ಎರಡೆರಡರ ಡಿಕ್ಕಿಗಳಾಗಿ ಒಡೆಯಬಹುದು. 1963ರಲ್ಲಿ ಲೀಬ್ ಮತ್ತು ಲಿನಿಗರ್ ಎಂಬ ವಿಜ್ಞಾನಿಗಳು ಇದರಿಂದಲೇ ಬೋಸ್ ಅನಿಲವನ್ನು, ಅಂದರೆ ನನ್ನ ಪರಮಾಣುಗಳಂತೆ ಒಂದೇ ಸಾಲಿನಲ್ಲಿ ಡಿಕ್ಕಿ ಹೊಡೆಯುವ ಕಣಗಳ ಲೆಕ್ಕವನ್ನು, ಬಿಡಿಸಿದರು. 40 ಕಣಗಳ ಒಂದು ಸ್ಥಿತಿಗೆ 40 ಸಮೀಕರಣ, ಮುಗಿಯಿತು. (ಆ ನಲವತ್ತನ್ನು ಬಿಡಿಸಲು ನಾನೂ ಕಂಪ್ಯೂಟರನ್ನೇ ಹಿಡಿಯುತ್ತೇನೆ. ಅದನ್ನು ದೊಡ್ಡಪ್ಪನಿಗೆ ಹೇಳಲಿಲ್ಲ.)

"ಇದಕ್ಕೊಂದು ಆ್ಯಪ್ ಇರಬೇಕಲ್ಲ?" ಎಂದರು.

‘ಆ ಪರಮಾಣುಗಳು ಯಾವಾಗ ಬೆರೆತು ಒಂದೇ ಹದಕ್ಕೆ ಬರುತ್ತವೆ?’ ಎಂದು ಯಾರಾದರೂ ಒಮ್ಮೆ ಕೇಳಬಾರದೇ? ಬಿಸಿ ಸಾರಿಗೆ ತಣ್ಣೀರು ಬಿದ್ದರೆ ಸ್ವಲ್ಪ ಹೊತ್ತಿಗೆ ಎಲ್ಲವೂ ಒಂದೇ ಹದ. ಯಾವುದು ಬಿಸಿಯಿತ್ತೆಂಬ ಗುರುತೂ ಉಳಿಯುವುದಿಲ್ಲ. ಈ ಸಾಲು ಮಾತ್ರ ಹಟಮಾರಿ. 2006ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಕಿನೋಶಿತಾ, ವೆಂಗರ್ ಮತ್ತು ವೈಸ್ ರುಬಿಡಿಯಂ ಪರಮಾಣುಗಳನ್ನು ಲೇಸರ್ ಬೆಳಕಿನ ಕೊಳವೆಗಳಲ್ಲಿ ಕೂಡಿಹಾಕಿ, ಎರಡು ಗುಂಪು ಮಾಡಿ ಎದುರುಬದುರಾಗಿ ಓಡಿಸಿದರು. ಕೊಳವೆಯೊಂದರಲ್ಲಿ 40ರಿಂದ 250 ಪರಮಾಣುಗಳು. ಸಾವಿರಾರು ಡಿಕ್ಕಿಗಳಾದರೂ ಅವು ಬೆರೆತು ಹದಕ್ಕೆ ಬರಲಿಲ್ಲ! ಸಮತೂಕದ ಎರಡು ಕೇರಂ ಕಾಯಿಗಳು ನೇರ ಗುದ್ದಿದರೆ ವೇಗಗಳು ಅದಲುಬದಲಾಗುತ್ತವೆಯಲ್ಲ, ಹೆಚ್ಚುಕಡಿಮೆ ಹಾಗೆ. ಯಾರ ಬಳಿ ಯಾವ ವೇಗವಿದೆ ಎಂಬುದು ಬದಲಾಗುತ್ತದೆ, ವೇಗಗಳ ಪಟ್ಟಿ ಬದಲಾಗುವುದಿಲ್ಲ.

ನಿಜದ ಕೊಳವೆಯೇನೂ ಬರೀ ಗೆರೆಯಲ್ಲ. ಜೋರಾಗಿ ಗುದ್ದಿದರೆ ಪರಮಾಣು ಅಡ್ಡಕ್ಕೂ ಸ್ವಲ್ಪ ತೊನೆಯುತ್ತದೆ, ಪಟ್ಟಿ ನಿಧಾನವಾಗಿ ಕೆಡುತ್ತದೆ. ಎಷ್ಟು ನಿಧಾನವಾಗಿ ಎನ್ನುವುದೇ ನನ್ನ ಲೆಕ್ಕ.

ಸಾರಿನ ಉದಾಹರಣೆ ಹೊಳೆದು ನಾನು ಬಾಯಿ ತೆರೆಯುವಷ್ಟರಲ್ಲಿ ಮಜ್ಜಿಗೆ ಬಡಿಸುವವರು ಬಂದರು. ದೊಡ್ಡಪ್ಪ ಬೊಗಸೆಯೊಡ್ಡಿದರು.